ಮ್ಯಾಕ್ ಕೊಳ್ಳುವ ಮುನ್ನ ಆಟಗಳ ಪಟ್ಟಿ ನೋಡಬೇಡವೇ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಹೊಸ ಲ್ಯಾಪ್‌ಟಾಪ್‌ಗಳನ್ನು ಪರಿಚಯಿಸುವವರು ಆ್ಯಪಲ್ ಕಂಪನಿಯ ಮ್ಯಾಕ್‌ಬುಕ್‌ಗಳ ಸರದಿ ಬಂದಾಗ ಚಿಪ್‌ನ ವೇಗ, ಬ್ಯಾಟರಿಯ ಬಾಳಿಕೆ, ಪರದೆಯ ಹೊಳಪು ಇವನ್ನೆಲ್ಲ ವಿವರಿಸಿ, ಕೊನೆಗೆ ‘ಗೇಮಿಂಗ್‌ಗೂ ಸೈ’ ಎಂಬ ಒಂದು ಸಾಲನ್ನು ಸೇರಿಸುವುದನ್ನು ಕೆಲವು ಕಾಲದಿಂದ ಗಮನಿಸುತ್ತ ಬಂದಿದ್ದೇನೆ. ಈ ಪತ್ರ ಆ ಒಂದು ಸಾಲಿನ ಬಗ್ಗೆ. ಅದು ಪೂರ್ತಿ ಸುಳ್ಳೇನೂ ಅಲ್ಲ. ಆದರೆ ಅದನ್ನು ನಂಬಿ ಲಕ್ಷ ರೂಪಾಯಿಯ ಹತ್ತಿರ ಹತ್ತಿರ ಹಣ ಹೊಂದಿಸುವ ತಂದೆ ತಾಯಿಗಳಿಗೆ ಅದರಿಂದ ಆಗುವ ಉಪಕಾರವೂ ಏನಿಲ್ಲ.

ನಾನು ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಹಲವು ವರ್ಷಗಳಿಂದ ಕಂಪ್ಯೂಟರ್ ವಿಜ್ಞಾನ ಕಲಿಸುತ್ತಿರುವವನು. ಸಿಇಟಿ ಸೀಟು ಹಂಚಿಕೆ ಮುಗಿಯುವ ಹೊತ್ತಿಗೆ ನೆಂಟರು, ನೆರೆಯವರು, ಪರಿಚಯದವರು ‘ಮಗನಿಗೆ ಯಾವ ಲ್ಯಾಪ್‌ಟಾಪ್ ಕೊಡಿಸಲಿ, ಮಗಳಿಗೆ ಯಾವುದು ಸರಿ’ ಎಂದು ವಿಚಾರಿಸಿಕೊಂಡು ಬರುವುದು ಪ್ರತಿ ವರ್ಷದ ವಾಡಿಕೆ. ವಿಚಾರಿಸದೆ ಕೊಂಡವರಲ್ಲಿ ನನ್ನ ಅಕ್ಕನ ಮನೆಯವರೂ ಸೇರಿದ್ದಾರೆ. ಅಂಗಡಿಯವರು ‘ಎಲ್ಲ ಗೇಮೂ ಓಡುತ್ತೆ, ಯೋಚನೆ ಮಾಡಬೇಡಿ’ ಎಂದರಂತೆ, ಮ್ಯಾಕ್‌ಬುಕ್ ಏರ್ ಮನೆಗೆ ಬಂತು. ಹಾಸ್ಟೆಲ್ ಸೇರಿದ ಮೊದಲ ವಾರದಲ್ಲೇ ಹುಡುಗನಿಗೆ ತಿಳಿದದ್ದೇನೆಂದರೆ, ಅಕ್ಕಪಕ್ಕದ ಕೋಣೆಗಳವರು ರಾತ್ರಿ ಜೊತೆಗೂಡಿ ಆಡುವ ವ್ಯಾಲರಂಟ್ ಮ್ಯಾಕ್‌ಗೆ ಇಲ್ಲವೇ ಇಲ್ಲ, ಕ್ರಿಕೆಟ್ 24 ಇಲ್ಲ, ಜಿಟಿಎ 5 ಕೂಡ ಇಲ್ಲ. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಗೆಳೆಯರಲ್ಲಿ ಹಲವರ ಬಳಿ ಇದ್ದ ಅಗ್ಗದ ವಿಂಡೋಸ್ ಲ್ಯಾಪ್‌ಟಾಪ್‌ಗಳಿಗಿಂತ ಅದು ಬಲವಾದದ್ದೇ. ಆದರೆ ಅವನು ಆಡಬೇಕೆಂದಿದ್ದ ಆಟಗಳು ಅದಕ್ಕೆ ಇರಲಿಲ್ಲ.

ನಮ್ಮ ವಿಮರ್ಶಕರು ಎಡವುತ್ತಿರುವುದು ಇಲ್ಲೇ. ಆಟ ನಡೆಸುವ ಶಕ್ತಿ ಯಂತ್ರಕ್ಕೆ ಇದೆಯೇ ಎಂಬುದು ಒಂದು ಪ್ರಶ್ನೆ. ಆ ಯಂತ್ರಕ್ಕೆಂದು ಆಟವನ್ನು ಯಾರಾದರೂ ಸಿದ್ಧಪಡಿಸಿದ್ದಾರೆಯೇ ಎಂಬುದು ಬೇರೆಯೇ ಪ್ರಶ್ನೆ. 2020ರ ನವೆಂಬರ್‌ನಲ್ಲಿ ಆ್ಯಪಲ್ ತನ್ನದೇ ಎಂ1 ಚಿಪ್ ಇರುವ ಮ್ಯಾಕ್‌ಗಳನ್ನು ಹೊರತಂದಾಗಲೇ ಮೊದಲನೆಯ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಸಿಕ್ಕಿತ್ತು. 2023ರ ಅಕ್ಟೋಬರ್‌ನಲ್ಲಿ ಬಂದ ಎಂ3 ಚಿಪ್‌ಗಳಲ್ಲಿ ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕ ಹಾಕಿ ನೆರಳು, ಪ್ರತಿಬಿಂಬಗಳನ್ನು ಮೂಡಿಸುವ ರೇ ಟ್ರೇಸಿಂಗ್‌ಗೆ ಬೇಕಾದ ವ್ಯವಸ್ಥೆಯೂ ಚಿಪ್‌ನೊಳಗೇ ಸೇರಿತು. ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನ್ ಇಲ್ಲದಿರುವುದರಿಂದ ಬಹಳ ಹೊತ್ತು ಆಡಿದರೆ ಬಿಸಿಯೇರಿ ವೇಗ ತಗ್ಗುತ್ತದೆ ಎಂಬುದನ್ನು ಬಿಟ್ಟರೆ ಯಂತ್ರದ ಬಗ್ಗೆ ದೂರಲು ಹೆಚ್ಚೇನೂ ಇಲ್ಲ. ಎರಡನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನಲವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಓದುಗರು ಸ್ವಲ್ಪ ತಾಳ್ಮೆ ತೋರಬೇಕು.

ನನ್ನ ವಯಸ್ಸಿನವರಿಗೆ ಕಂಪ್ಯೂಟರ್ ಆಟವೆಂದರೆ ಲ್ಯಾಬಿನ ಡಾಸ್ ಯಂತ್ರದಲ್ಲಿ ಮೇಷ್ಟ್ರು ಆಚೆ ಹೋದಾಗ ಕದ್ದು ಆಡಿದ ಡೇಂಜರಸ್ ಡೇವ್ ಮತ್ತು ಪ್ರಿನ್ಸ್ ಆಫ್ ಪರ್ಷಿಯಾ. ಇವೆರಡರ ಬೇರೂ ಆ್ಯಪಲ್ ಯಂತ್ರಕ್ಕೆ ಹೋಗಿ ಮುಟ್ಟುತ್ತದೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಡೇವ್ ಆಟವನ್ನು ಜಾನ್ ರೊಮೆರೊ ಡಾಸ್ ಜೊತೆಗೆ ಆ್ಯಪಲ್ 2 ಯಂತ್ರಕ್ಕೂ ಬರೆದಿದ್ದರು. ಜೋರ್ಡನ್ ಮೆಕ್ನರ್ ಅವರ ಪ್ರಿನ್ಸ್ 1989ರಲ್ಲಿ ಮೊದಲು ಹೊರಬಂದದ್ದೇ ಆ್ಯಪಲ್ 2ಕ್ಕೆ. ಆ ಯಂತ್ರ ಆಟದ ಹುಡುಗರ ಕಣ್ಮಣಿಯಾಗಿತ್ತು. 1984ರಲ್ಲಿ ಬಂದ ಮ್ಯಾಕಿಂಟಾಷ್‌ನ ಜಾತಕವೇ ಬೇರೆ. ಕಚೇರಿಯ ಮೇಜಿನ ಮೇಲೆ ಗಂಭೀರವಾಗಿ ಕೂರಬೇಕಾದ ಯಂತ್ರಕ್ಕೆ ಆಟಿಕೆಯೆಂಬ ಹಣೆಪಟ್ಟಿ ಅಂಟಬಾರದೆಂಬ ಅಂಜಿಕೆ ಅದನ್ನು ಮಾಡಿದವರಲ್ಲಿತ್ತು. ಆ ಅಂಜಿಕೆ ಬಹಳ ಕಾಲ ಬಿಡಲಿಲ್ಲ.

ಆದರೂ ಮ್ಯಾಕ್‌ಗೆ ಒಳ್ಳೆಯ ದಿನಗಳು ಇರಲಿಲ್ಲವೆಂದಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ರ‍್ಯಾಂಡ್ ಮತ್ತು ರಾಬಿನ್ ಮಿಲ್ಲರ್ ಸಹೋದರರು ಮ್ಯಾಕ್‌ನ ಹೈಪರ್‌ಕಾರ್ಡ್ ತಂತ್ರಾಂಶವನ್ನೇ ಬಳಸಿ ಕಟ್ಟಿದ ಮಿಸ್ಟ್ 1993ರಲ್ಲಿ ಮೊದಲು ಮ್ಯಾಕ್‌ಗೆ ಬಂತು. ಮುಂದೆ ವರ್ಷಗಟ್ಟಲೆ ಕಾಲ ಕಂಪ್ಯೂಟರ್ ಆಟಗಳಲ್ಲೇ ಅತಿ ಹೆಚ್ಚು ಮಾರಾಟವಾದದ್ದು ಅದು. ಮರುವರ್ಷ ಶಿಕಾಗೋದ ಬಂಜೀ ಎಂಬ ಪುಟ್ಟ ಸಂಸ್ಥೆ ಮ್ಯಾರಥಾನ್ ಆಟವನ್ನು ಮ್ಯಾಕ್‌ಗೆಂದೇ ಹೊರತಂದಿತು. ವಿಂಡೋಸ್ ಬಳಸುವವರು ಮ್ಯಾಕ್‌ನವರನ್ನು ಕಂಡು ಹೊಟ್ಟೆಕಿಚ್ಚು ಪಡುತ್ತಿದ್ದ ಅಪರೂಪದ ಗಳಿಗೆ ಅದು. ಅದೇ ಬಂಜೀ ಸಂಸ್ಥೆ ಹೇಲೋ ಎಂಬ ಹೊಸ ಆಟವನ್ನು ಕಟ್ಟುತ್ತಿದೆಯೆಂದು ನ್ಯೂಯಾರ್ಕಿನ ಮ್ಯಾಕ್‌ವರ್ಲ್ಡ್ ಸಮಾವೇಶದ ವೇದಿಕೆಯಿಂದ 1999ರ ಜುಲೈನಲ್ಲಿ ಸಾರಿದವರು ಸ್ವತಃ ಸ್ಟೀವ್ ಜಾಬ್ಸ್. ಒಂದು ವರ್ಷ ತುಂಬುವ ಮೊದಲೇ, 2000ದ ಜೂನ್‌ನಲ್ಲಿ, ಮೈಕ್ರೋಸಾಫ್ಟ್ ಆ ಸಂಸ್ಥೆಯನ್ನೇ ಕೊಂಡಿತು. 2001ರ ನವೆಂಬರ್‌ನಲ್ಲಿ ಹೇಲೋ ಹೊರಬಂದದ್ದು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಯ ಜೊತೆಗೆ. ಆ ಪೆಟ್ಟಿಗೆಯನ್ನು ಮನೆಮನೆಗೆ ತಲುಪಿಸಿದ್ದೇ ಆ ಆಟ ಎನ್ನುವವರಿದ್ದಾರೆ. ಮ್ಯಾಕ್‌ಗೆ ಅದು ಬಂದದ್ದು 2003ರ ಡಿಸೆಂಬರ್‌ನಲ್ಲಿ, ಮದುವೆ ಮುಗಿದು ಚಪ್ಪರ ಬಿಚ್ಚಿದ ಮೇಲೆ.

ಮ್ಯಾಕ್‌ನ ಅಭಿಮಾನಿಗಳು ಈ ಪ್ರಸಂಗವನ್ನು ಇವತ್ತಿಗೂ ಕಣ್ಣೊರೆಸಿಕೊಂಡು ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಅಷ್ಟು ದೊಡ್ಡ ಕಾರಣವಲ್ಲ. ಒಂದು ಆಟ ಕೈತಪ್ಪಿದರೆ ಇನ್ನೊಂದು ಬರುತ್ತದೆ. ಬರದೆ ಹೋದದ್ದಕ್ಕೆ ಕಾರಣ ಆ್ಯಪಲ್ ತನ್ನ ನೆಲವನ್ನೇ ಮತ್ತೆ ಮತ್ತೆ ಕಿತ್ತು ಹೊಸದಾಗಿ ಹಾಸಿದ್ದು.

ಜಾತ್ರೆಯಲ್ಲಿ ಅಂಗಡಿ ಇಡುವವನು ಮೊದಲು ವಿಚಾರಿಸುವುದು ಜನ ಎಷ್ಟು ಸೇರುತ್ತಾರೆ ಎಂದು. ಆಮೇಲೆ ಕೇಳುವುದು ಮುಂದಿನ ವರ್ಷವೂ ಇದೇ ಜಾಗ ಸಿಗುತ್ತದೆಯೇ ಎಂದು. ಮ್ಯಾಕ್ 1994ರಲ್ಲಿ ಮೊಟೊರೋಲಾದ ಹಳೆಯ ಚಿಪ್‌ಗಳನ್ನು ಬಿಟ್ಟು ಪವರ್‌ಪಿಸಿ ಚಿಪ್‌ಗಳಿಗೆ ಹೋಯಿತು. 2001ರಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನೇ ಪೂರ್ತಿ ಬದಲಿಸಿ ಓಎಸ್ ಟೆನ್ ತಂದಿತು. 2006ರಲ್ಲಿ ಪವರ್‌ಪಿಸಿ ಬಿಟ್ಟು ಇಂಟೆಲ್ ಚಿಪ್ ಹಿಡಿಯಿತು. ಹಳೆಯ ತಂತ್ರಾಂಶಗಳನ್ನು ಹೊಸ ಚಿಪ್ ಮೇಲೆ ನಡೆಸಲು ಕೊಟ್ಟಿದ್ದ ರೊಸೆಟ್ಟಾ ಎಂಬ ಭಾಷಾಂತರ ವ್ಯವಸ್ಥೆಯನ್ನು 2011ರಲ್ಲಿ ತೆಗೆದುಹಾಕಿತು. 2019ರ ಅಕ್ಟೋಬರ್‌ನಲ್ಲಿ ಬಂದ ಕ್ಯಾಟಲಿನಾ ಆವೃತ್ತಿ ಹಳೆಯ ಬಗೆಯ 32 ಬಿಟ್ ತಂತ್ರಾಂಶಗಳಿಗೆ ಬಾಗಿಲು ಮುಚ್ಚಿತು. 2020ರಲ್ಲಿ ಇಂಟೆಲ್ ಅನ್ನೂ ಬಿಟ್ಟಿತು. ಈ ಒಂದೊಂದು ಹೆಜ್ಜೆಗೂ ಎಂಜಿನಿಯರಿಂಗ್ ದೃಷ್ಟಿಯಿಂದ ಸರಿಯಾದ ಕಾರಣವಿತ್ತು, ನಾನು ತರಗತಿಯಲ್ಲಿ ಹಾಗೆಂದೇ ಪಾಠ ಮಾಡುತ್ತೇನೆ. ಪದಸಂಸ್ಕರಣೆಯ, ಚಿತ್ರ ತಿದ್ದುವ ತಂತ್ರಾಂಶಗಳನ್ನು ಮಾಡುವವರು ಪ್ರತಿ ವರ್ಷ ಹೊಸ ಆವೃತ್ತಿ ತರುತ್ತಾರೆ, ಚಂದಾ ವಸೂಲಿ ಮಾಡುತ್ತಾರೆ, ಬದಲಾವಣೆಗೆ ಹೊಂದಿಕೊಳ್ಳುತ್ತಾರೆ. ಆಟ ಹಾಗಲ್ಲ. ಒಮ್ಮೆ ಮಾರಾಟವಾಗಿ ತಂಡ ಚದುರಿದ ಮೇಲೆ ಹತ್ತು ವರ್ಷದ ಹಳೆಯ ಆಟವನ್ನು ಹೊಸ ನೆಲಕ್ಕೆ ತಂದು ಕೂರಿಸಲು ದುಡ್ಡು ಕೊಡುವವರು ಯಾರು?

ಇದರ ಪರಿಣಾಮಕ್ಕೆ ಒಂದೇ ನಿದರ್ಶನ ಸಾಕು. ವಾಲ್ವ್ ಕಂಪನಿ ಸ್ಟೀಮ್ ಎಂಬ ತನ್ನ ಆನ್‌ಲೈನ್ ಆಟ ಮಾರಾಟ ಮಳಿಗೆಯನ್ನು 2010ರ ಮೇ ತಿಂಗಳಲ್ಲಿ ಮ್ಯಾಕ್‌ಗೆ ತಂದಾಗ ಆ ಸಂಭ್ರಮಕ್ಕೆ ಪೋರ್ಟಲ್ ಎಂಬ ತನ್ನ ಹೆಸರಾಂತ ಆಟವನ್ನು ಕೆಲವು ದಿನ ಉಚಿತವಾಗಿ ಹಂಚಿತು. ಒಂಬತ್ತೇ ವರ್ಷದ ಮೇಲೆ, ಕ್ಯಾಟಲಿನಾ ಹಾಕಿಕೊಂಡ ಮ್ಯಾಕ್‌ಗಳಲ್ಲಿ 32 ಬಿಟ್‌ನ ಆ ಆಟ ತೆರೆಯದಾಯಿತು. ವಿಂಡೋಸ್‌ನಲ್ಲಾದರೋ 2006ರ ಇಎ ಸ್ಪೋರ್ಟ್ಸ್ ಕ್ರಿಕೆಟ್ 07 ಆಟವನ್ನು ನಮ್ಮ ಹುಡುಗರು ಹೊಸ ತಂಡ, ಹೊಸ ಜೆರ್ಸಿಗಳನ್ನು ತಾವೇ ಜೋಡಿಸಿಕೊಂಡು ಇಂದಿಗೂ ಆಡುತ್ತಿದ್ದಾರೆ. ಅದನ್ನು ಮಾಡಿದವರು ಮರೆತರೂ ಆಡುವವರು ಮರೆತಿಲ್ಲ, ಏಕೆಂದರೆ ಅದರ ಕಾಲಡಿಯ ನೆಲ ಅಲುಗಿಲ್ಲ.

ಗ್ರಾಫಿಕ್ಸ್‌ನ ವಿಷಯದಲ್ಲಿ ಆದದ್ದು ಇನ್ನೂ ಸೂಕ್ಷ್ಮ. ಆಟದ ತಂತ್ರಾಂಶ ಪರದೆಯ ಮೇಲೆ ಚಿತ್ರ ಮೂಡಿಸಬೇಕಾದರೆ ಗ್ರಾಫಿಕ್ಸ್ ಚಿಪ್‌ಗೆ ಅರ್ಥವಾಗುವ ಒಂದು ನಡುವಿನ ಭಾಷೆಯಲ್ಲಿ ಅಪ್ಪಣೆ ಕೊಡಬೇಕು. ವಿಂಡೋಸ್ ಮತ್ತು ಎಕ್ಸ್‌ಬಾಕ್ಸ್‌ನಲ್ಲಿ ಆ ಭಾಷೆ ಮೈಕ್ರೋಸಾಫ್ಟ್‌ನ ಡೈರೆಕ್ಟ್3ಡಿ. ಎಲ್ಲರಿಗೂ ಮುಕ್ತವಾದ ಓಪನ್‌ಜಿಎಲ್ ಎಂಬ ಭಾಷೆ ಮ್ಯಾಕ್‌ನಲ್ಲಿ ಬಹಳ ಕಾಲ ಇತ್ತು, ಆದರೆ ಆ್ಯಪಲ್ ಅದನ್ನು 4.1 ಆವೃತ್ತಿಯಲ್ಲೇ ನಿಲ್ಲಿಸಿ, ತನ್ನದೇ ಮೆಟಲ್ ಭಾಷೆಯನ್ನು 2015ರಲ್ಲಿ ಮ್ಯಾಕ್‌ಗೆ ತಂದು, 2018ರಲ್ಲಿ ಓಪನ್‌ಜಿಎಲ್‌ನ ಕಾಲ ಮುಗಿಯಿತೆಂದು ಸಾರಿತು. ಓಪನ್‌ಜಿಎಲ್‌ನ ಉತ್ತರಾಧಿಕಾರಿಯಾಗಿ ಬಂದ ವಲ್ಕನ್ ಎಂಬ ಮುಕ್ತ ಭಾಷೆಗೆ ಮ್ಯಾಕ್‌ನಲ್ಲಿ ನೇರ ಪ್ರವೇಶ ಸಿಗಲೇ ಇಲ್ಲ. ಮೆಟಲ್ ಒಳ್ಳೆಯ ಭಾಷೆ, ಚುರುಕಾದದ್ದು, ಆ್ಯಪಲ್ ಚಿಪ್‌ನ ಮರ್ಮ ಬಲ್ಲದ್ದು. ಆದರೆ ಅದು ಒಂದೇ ಮನೆಯಲ್ಲಿ ಆಡುವ ಮಾತು. ಆಟದ ಕಂಪನಿಗೆ ಅದನ್ನು ಕಲಿತವರು ಬೇರೆಯಾಗಿ ಬೇಕು, ಪರೀಕ್ಷೆ ಬೇರೆಯಾಗಿ ಆಗಬೇಕು, ದೋಷ ತಿದ್ದುವುದೂ ಬೇರೆಯಾಗಿಯೇ.

ಅಷ್ಟೆಲ್ಲ ಖರ್ಚಿಗೆ ಬರುವ ಆದಾಯವೆಷ್ಟು? ಸ್ಟೀಮ್ ಪ್ರತಿ ತಿಂಗಳೂ ಪ್ರಕಟಿಸುವ ಸಮೀಕ್ಷೆಯಲ್ಲಿ ಮ್ಯಾಕ್ ಬಳಕೆದಾರರ ಪಾಲು ಈಚಿನ ವರ್ಷಗಳಲ್ಲಿ ಶೇ 2ರ ಆಸುಪಾಸಿನಲ್ಲೇ ಸುಳಿದಾಡುತ್ತಿದೆ. ಆಟಗಳಿಲ್ಲವೆಂದು ಆಟಗಾರರು ಮ್ಯಾಕ್ ಕೊಳ್ಳುವುದಿಲ್ಲ, ಆಟಗಾರರಿಲ್ಲವೆಂದು ಕಂಪನಿಗಳು ಮ್ಯಾಕ್‌ಗೆ ಆಟ ಮಾಡುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ. ರಾಕೆಟ್ ಲೀಗ್ 2020ರ ಮಾರ್ಚ್‌ನಲ್ಲಿ ಮ್ಯಾಕ್ ಆವೃತ್ತಿಗೆ ಬೆಂಬಲ ನಿಲ್ಲಿಸಿತು. ಸೈಬರ್ ಕೆಫೆಗಳ ಕಾಲದಿಂದ ನಮ್ಮ ಊರುಗಳಲ್ಲೂ ಮನೆಮಾತಾಗಿರುವ ಕೌಂಟರ್ ಸ್ಟ್ರೈಕ್‌ನ ಎರಡನೆಯ ಅವತಾರ 2023ರಲ್ಲಿ ಬಂದಾಗ ಮ್ಯಾಕ್ ಅನ್ನು ಕೈಬಿಡಲಾಯಿತು. ಕೈಬಿಟ್ಟ ಹಳೆಯ ಯಂತ್ರಗಳು ಮತ್ತು ಮ್ಯಾಕ್ ಎಲ್ಲ ಕೂಡಿಸಿದರೂ ಆಟಗಾರರಲ್ಲಿ ಶೇ 1ಕ್ಕಿಂತ ಕಡಿಮೆ ಎಂದು ವಾಲ್ವ್ ವಿವರಣೆ ಕೊಟ್ಟಿತು. ಹೆಚ್ಚು ನೋವಿನ ಸಂಗತಿಯೆಂದರೆ ಬ್ಲಿಝಾರ್ಡ್ ಕಂಪನಿಯದು. 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಪೆಟ್ಟಿಗೆ ತೆರೆದರೆ ಅದೇ ಡಿಸ್ಕ್‌ಗಳಲ್ಲಿ ವಿಂಡೋಸ್, ಮ್ಯಾಕ್ ಎರಡೂ ಇರುತ್ತಿದ್ದವು. ಎಂ1 ಚಿಪ್ ಬಂದ ತಿಂಗಳಲ್ಲೇ ಆ ಆಟ ಅದಕ್ಕೂ ಸಿದ್ಧವಾಗಿತ್ತು. ಅಂಥ ಕಂಪನಿಯೇ 2016ರ ಓವರ್‌ವಾಚ್ ಅನ್ನು ಮ್ಯಾಕ್‌ಗೆ ತರಲಿಲ್ಲ, 2023ರ ಡಯಾಬ್ಲೊ 4 ಅನ್ನೂ ತರಲಿಲ್ಲ.

ಹಾಗಾದರೆ ಪಾಲು ಚಿಕ್ಕದಿದ್ದರೆ ದಾರಿಯೇ ಇಲ್ಲವೇ ಎಂದು ಕೇಳಬಹುದು. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಪಾಲು ಇನ್ನೂ ಚಿಕ್ಕದಿತ್ತು. ವಾಲ್ವ್ 2018ರಲ್ಲಿ ಪ್ರೋಟಾನ್ ಎಂಬ ಅನುವಾದಕವನ್ನು ಸ್ಟೀಮ್‌ನೊಳಗೇ ಸೇರಿಸಿ, ವಿಂಡೋಸ್ ಆಟಗಳು ಲಿನಕ್ಸ್‌ನಲ್ಲಿ ಒಂದು ಗುಂಡಿ ಒತ್ತಿದರೆ ನಡೆಯುವಂತೆ ಮಾಡಿತು. 2022ರಲ್ಲಿ ಆ ಬಲದ ಮೇಲೆ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರವನ್ನು ಮಾರಿತು. 2023ರ ನಡುವಿನಲ್ಲಿ ಅದೇ ಸಮೀಕ್ಷೆಯಲ್ಲಿ ಲಿನಕ್ಸ್ ಮ್ಯಾಕ್ ಅನ್ನು ಹಿಂದೆ ಹಾಕಿತು. ಆಟದ ಕಂಪನಿಗಳು ನಮ್ಮಲ್ಲಿಗೆ ಬರಲಿ ಎಂದು ಕಾಯದೆ, ಅವರು ಇದ್ದಲ್ಲಿಗೇ ಸೇತುವೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಆ್ಯಪಲ್‌ಗೆ ಆಟಗಳ ಮೇಲೆ ಆಸಕ್ತಿಯೇ ಇಲ್ಲ ಎಂದು ಮಾತ್ರ ಯಾರೂ ತಿಳಿಯಬಾರದು. ಆ್ಯಪಲ್‌ನ ಆ್ಯಪ್ ಮಳಿಗೆಯ ನಿಯಮಗಳ ವಿರುದ್ಧ ಎಪಿಕ್ ಗೇಮ್ಸ್ ಎಂಬ ಆಟದ ಕಂಪನಿ ಹೂಡಿದ ಮೊಕದ್ದಮೆಯಲ್ಲಿ ಅಮೆರಿಕದ ನ್ಯಾಯಾಲಯ 2021ರಲ್ಲಿ ಕೊಟ್ಟ ತೀರ್ಪಿನಲ್ಲೇ, ಆ್ಯಪ್ ಸ್ಟೋರ್‌ನ ಆದಾಯದಲ್ಲಿ ಸುಮಾರು ಶೇ 70 ಆಟಗಳಿಂದಲೇ ಬರುತ್ತದೆ ಎಂಬ ಮಾತಿದೆ. ಅದು ಬಹುಪಾಲು ಫೋನಿನಲ್ಲಿ ಆಡುವ, ಆಡುತ್ತ ಆಡುತ್ತ ದುಡ್ಡು ಕೀಳುವ ಆಟಗಳ ಆದಾಯ. ಜೇಬು ಫೋನಿನಿಂದಲೇ ತುಂಬುತ್ತಿರುವಾಗ ಮೇಜಿನ ಮೇಲಿನ ಯಂತ್ರದ ಕಡೆ ಗಮನ ಹೋಗುವುದಾದರೂ ಹೇಗೆ? ಆ ಜಗಳದ ಏಟು ಮ್ಯಾಕ್‌ಗೂ ತಾಗಿತು: 2020ರ ಆಗಸ್ಟ್‌ನಲ್ಲಿ ಎಪಿಕ್‌ನ ಫೋರ್ಟ್‌ನೈಟ್ ಐಫೋನ್‌ನಿಂದ ಹೊರಬಿದ್ದಾಗ ಅದರ ಮ್ಯಾಕ್ ಆವೃತ್ತಿಗೂ ಹೊಸ ಸೀಸನ್‌ಗಳು ಬರುವುದು ನಿಂತಿತು.

ಇಷ್ಟು ದೂರಿದ ಮೇಲೆ, 2022ರಿಂದೀಚೆಗೆ ಗಾಳಿ ಸ್ವಲ್ಪ ತಿರುಗಿದೆ ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಜಪಾನಿನ ಕ್ಯಾಪ್‌ಕಾಮ್ 2021ರ ಮೇ ತಿಂಗಳಲ್ಲಿ ಹೊರತಂದಿದ್ದ ರೆಸಿಡೆಂಟ್ ಈವಿಲ್ ವಿಲೇಜ್ ಅನ್ನು 2022ರ ಅಕ್ಟೋಬರ್‌ನಲ್ಲಿ ಮ್ಯಾಕ್‌ಗೆ ತಂದಿತು. 2023ರ ಜೂನ್‌ನಲ್ಲಿ ಆ್ಯಪಲ್‌ನ ವಾರ್ಷಿಕ ಸಮ್ಮೇಳನದಲ್ಲಿ ಹೆಸರಾಂತ ಆಟ ನಿರ್ಮಾಪಕ ಹಿಡಿಯೊ ಕೊಜಿಮಾ ಕಾಣಿಸಿಕೊಂಡು ತಮ್ಮ ಡೆತ್ ಸ್ಟ್ರ್ಯಾಂಡಿಂಗ್ ಬರುತ್ತದೆಂದರು. 2024ರ ಜನವರಿಯಲ್ಲಿ ಅದು ಬಂತು, ಮೂಲ ಆಟ ಪ್ಲೇಸ್ಟೇಷನ್‌ನಲ್ಲಿ ಕಾಣಿಸಿಕೊಂಡ ನಾಲ್ಕು ವರ್ಷಗಳ ಮೇಲೆ. ಬೆಲ್ಜಿಯಂನ ಲ್ಯಾರಿಯನ್ ಸಂಸ್ಥೆಯ ಬಾಲ್ಡರ್ಸ್ ಗೇಟ್ 3, ಆ ವರ್ಷದ ಶ್ರೇಷ್ಠ ಆಟವೆಂದು ಪ್ರಶಸ್ತಿ ಪಡೆದದ್ದು, 2023ರ ಆಗಸ್ಟ್‌ನಲ್ಲಿ ವಿಂಡೋಸ್‌ಗೆ ಬಂದು ಸೆಪ್ಟೆಂಬರ್‌ನಲ್ಲೇ ಮ್ಯಾಕ್‌ಗೂ ಬಂತು. 2025ರಲ್ಲಂತೂ ಸಿವಿಲೈಸೇಷನ್ 7, ಅಸಾಸಿನ್ಸ್ ಕ್ರೀಡ್ ಶ್ಯಾಡೋಸ್, ಸಿಲ್ಕ್‌ಸಾಂಗ್ ಇವು ಬಿಡುಗಡೆಯ ದಿನವೇ ಮ್ಯಾಕ್‌ನಲ್ಲೂ ಇದ್ದವು. ಪೋಲೆಂಡಿನ ಸಿಡಿ ಪ್ರೊಜೆಕ್ಟ್ ಸಂಸ್ಥೆಯ ಸೈಬರ್‌ಪಂಕ್ 2077 ಮಾತ್ರ ನಾಲ್ಕೂವರೆ ವರ್ಷ ಕಾಯಿಸಿ 2025ರ ಜುಲೈನಲ್ಲಿ ಬಂತು. ಬಂದಾಗ ಚೆನ್ನಾಗಿಯೇ ಬಂತು.

ಇವೆಲ್ಲ ಸಣ್ಣ ಸಾಧನೆಯಲ್ಲ. ಆದರೆ ಈ ಹೆಸರುಗಳನ್ನು ಬೆರಳೆಣಿಸಿ ಹೇಳಲು ಸಾಧ್ಯವಾಗುತ್ತಿದೆ ಎಂಬುದನ್ನು ಗಮನಿಸಿ. ವಿಂಡೋಸ್‌ಗೆ ಬಂದ ದೊಡ್ಡ ಆಟಗಳನ್ನು ಯಾರೂ ಹೀಗೆ ಎಣಿಸುವುದಿಲ್ಲ. ಈ ಪತ್ರ ಬರೆಯುವ ಹೊತ್ತಿಗೂ 2022ರ ಎಲ್ಡನ್ ರಿಂಗ್ ಮ್ಯಾಕ್‌ಗೆ ಬಂದಿಲ್ಲ, 2024ರ ಬ್ಲ್ಯಾಕ್ ಮಿಥ್ ವುಕಾಂಗ್ ಬಂದಿಲ್ಲ, ಇಎ ಕಂಪನಿ ವರ್ಷಕ್ಕೊಂದರಂತೆ ತರುವ ಫುಟ್‌ಬಾಲ್ ಆಟಗಳೂ ಬರುತ್ತಿಲ್ಲ.

ಕೆಲವರು ಸುತ್ತು ದಾರಿ ಹೇಳಿಕೊಡುತ್ತಾರೆ. ಇಂಟೆಲ್ ಕಾಲದ ಮ್ಯಾಕ್‌ನಲ್ಲಿ ಬೂಟ್ ಕ್ಯಾಂಪ್ ಎಂಬ ಸೌಲಭ್ಯದಿಂದ ವಿಂಡೋಸ್ ಅನ್ನೇ ಹಾಕಿಕೊಂಡು ಆಡಬಹುದಿತ್ತು; 2006ರಿಂದ ಇದ್ದ ಆ ಸೌಲಭ್ಯ ಆ್ಯಪಲ್‌ನ ಸ್ವಂತ ಚಿಪ್‌ಗಳಲ್ಲಿ ಇಲ್ಲ. ಹಳೆಯ ಮ್ಯಾಕ್ ಕಂಡವರು ‘ವಿಂಡೋಸ್ ಹಾಕಿಕೊಂಡರಾಯಿತು’ ಎಂದು ಈಗಲೂ ಸಲಹೆ ಕೊಡುವುದುಂಟು, ದಯವಿಟ್ಟು ನಂಬಬೇಡಿ. 2023ರಲ್ಲಿ ಆ್ಯಪಲ್ ಗೇಮ್ ಪೋರ್ಟಿಂಗ್ ಟೂಲ್‌ಕಿಟ್ ಎಂಬುದನ್ನು ಹೊರತಂದಿತು. ವೈನ್ ಎಂಬ ಹಳೆಯ ಮುಕ್ತ ಯೋಜನೆಯ ಮೇಲೆ ಕಟ್ಟಿದ ಇದು ಡೈರೆಕ್ಟ್3ಡಿ ಅಪ್ಪಣೆಗಳನ್ನು ನಡೆಯುತ್ತಿರುವಾಗಲೇ ಮೆಟಲ್‌ಗೆ ಅನುವಾದಿಸುತ್ತದೆ. ಆ್ಯಪಲ್ ಇದನ್ನು ಕೊಟ್ಟದ್ದು ಆಟ ಮಾಡುವವರಿಗೆ, ತಮ್ಮ ಆಟ ಮ್ಯಾಕ್‌ನಲ್ಲಿ ಹೇಗೆ ನಡೆದೀತು ಎಂದು ಪರೀಕ್ಷಿಸಿ ನೋಡಲು. ವಾಲ್ವ್‌ನಂತೆ ಆಡುವವರ ಕೈಗೆ ನೇರವಾಗಿ ಕೊಡಲಿಲ್ಲ. ಅದೇ ತಂತ್ರವನ್ನು ಕ್ರಾಸ್‌ಓವರ್ ಎಂಬ ತಂತ್ರಾಂಶ ಒಳಗೊಂಡಿದೆ, ಹಣ ಕೊಟ್ಟು ಕೊಂಡರೆ ಅನೇಕ ವಿಂಡೋಸ್ ಆಟಗಳು ನಡೆಯುತ್ತವೆ. ಕೆಲವು ಚೆನ್ನಾಗಿ, ಕೆಲವು ಕುಂಟುತ್ತ. ಆದರೆ ನಮ್ಮ ಹಾಸ್ಟೆಲ್ ಹುಡುಗರಿಗೆ ಬೇಕಾದ, ಹಲವರು ಒಟ್ಟಿಗೆ ಆಡುವ ಆಟಗಳಲ್ಲಿ ಈ ಉಪಾಯ ಬಹಳಷ್ಟು ಸಲ ಫಲಿಸುವುದಿಲ್ಲ. ಮೋಸದಾಟ ತಡೆಯಲು ವ್ಯಾಲರಂಟ್‌ನಂಥ ಆಟಗಳು ವಿಂಡೋಸ್‌ನ ತೀರ ಒಳಪದರಕ್ಕೆ ಇಳಿದು ಕಾವಲು ಕೂರುತ್ತವೆ. ಅನುವಾದಕದ ಮೇಲೆ ಆ ಕಾವಲುಗಾರನಿಗೆ ಕೂರಲು ಜಾಗವೇ ಇಲ್ಲ.

ಕೊಳ್ಳುವವರು ಗಮನಿಸಬೇಕಾದ ಇನ್ನೊಂದೆರಡು ಸಂಗತಿಗಳನ್ನೂ ನಿಮ್ಮ ಪುಟ ಎಂದೂ ಪ್ರಸ್ತಾಪಿಸಿಲ್ಲ. ಒಂದು, ಆಟ ಸಿಗುವ ಅಂಗಡಿ ಯಾವುದು ಎಂಬುದು. ಬಾಲ್ಡರ್ಸ್ ಗೇಟ್ 3 ಅನ್ನು ಸ್ಟೀಮ್‌ನಲ್ಲಿ ಒಮ್ಮೆ ಕೊಂಡರೆ ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಆಡಬಹುದು. ಸೈಬರ್‌ಪಂಕ್ ಅನ್ನು ಮೊದಲೇ ಸ್ಟೀಮ್, ಎಪಿಕ್ ಮುಂತಾದೆಡೆ ಕೊಂಡಿದ್ದವರಿಗೆ ಮ್ಯಾಕ್ ಆವೃತ್ತಿ ಪುಕ್ಕಟೆಯಾಗಿ ದಕ್ಕಿತು. ಆದರೆ ಕ್ಯಾಪ್‌ಕಾಮ್‌ನ ರೆಸಿಡೆಂಟ್ ಈವಿಲ್ ಆಟಗಳ ಮ್ಯಾಕ್ ಆವೃತ್ತಿ ಸಿಗುವುದು ಆ್ಯಪಲ್‌ನ ಮಳಿಗೆಯಲ್ಲಿ; ವಿಂಡೋಸ್‌ಗೆಂದು ಮೊದಲೇ ಕೊಂಡವರೂ ಮತ್ತೆ ದುಡ್ಡು ತೆರಬೇಕು. ಎರಡನೆಯದು ಸಂಗ್ರಹದ ಜಾಗ. 2025ರ ಮಾರ್ಚ್‌ನಲ್ಲಿ 99,900 ರೂಪಾಯಿಗೆ ಬಂದ ಎಂ4 ಮ್ಯಾಕ್‌ಬುಕ್ ಏರ್‌ನ ಆರಂಭಿಕ ಮಾದರಿಯಲ್ಲಿ ಇರುವುದು 256 ಜಿಬಿ. ಬಾಲ್ಡರ್ಸ್ ಗೇಟ್ 3 ಒಂದೇ ಆಟ ಕೇಳುವುದು 150 ಜಿಬಿ. ಜಾಗ ಸಾಲದೆಂದು ಆಮೇಲೆ ಒಳಗೆ ಬೇರೆ ಡ್ರೈವ್ ಹಾಕಿಸುವಂತಿಲ್ಲ, ಕೊಳ್ಳುವಾಗಲೇ ಹೆಚ್ಚು ತೆತ್ತು ಪಡೆಯಬೇಕು. ಮೆಮೊರಿಯ ಕಥೆಯೂ ಅದೇ. 2024ರ ಅಕ್ಟೋಬರ್‌ನವರೆಗೆ ಆರಂಭಿಕ ಮಾದರಿಗಳಲ್ಲಿ ಬರುತ್ತಿದ್ದದ್ದು 8 ಜಿಬಿ. ಸೈಬರ್‌ಪಂಕ್‌ಗೆ ಕನಿಷ್ಠ 16 ಜಿಬಿ ಬೇಕು. ಹಳೆಯ ದಾಸ್ತಾನನ್ನು ರಿಯಾಯಿತಿಯಲ್ಲಿ ಮಾರುವಾಗ ಈ ಮಾತನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಮುಂದೆ ಏನಾದೀತು ಎಂಬುದಕ್ಕೂ ಸೂಚನೆಗಳಿವೆ. ಇಂಟೆಲ್ ಮ್ಯಾಕ್‌ಗಳಿಗೆಂದು ಮಾಡಿದ ಆಟಗಳು ಈಗ ಹೊಸ ಚಿಪ್‌ಗಳಲ್ಲಿ ನಡೆಯುತ್ತಿರುವುದು ರೊಸೆಟ್ಟಾ 2 ಎಂಬ ಅನುವಾದಕದ ಕೃಪೆಯಿಂದ. ಸ್ಟೀಮ್ ತಂತ್ರಾಂಶ ಕೂಡ ಸುಮಾರು ಐದು ವರ್ಷ ಅದರ ಮೇಲೆಯೇ ನಡೆದು, 2025ರ ಜೂನ್‌ನಲ್ಲಷ್ಟೇ ಹೊಸ ಚಿಪ್‌ಗೆ ನೇರವಾಗಿ ಹೊಂದುವ ಪರೀಕ್ಷಾರ್ಥ ಆವೃತ್ತಿ ಬಂತು. ಅದೇ ತಿಂಗಳು ಆ್ಯಪಲ್, ಮ್ಯಾಕ್‌ಓಎಸ್ 27ರ ನಂತರ ರೊಸೆಟ್ಟಾ 2 ಪೂರ್ಣ ರೂಪದಲ್ಲಿ ಇರುವುದಿಲ್ಲವೆಂದು ಪ್ರಕಟಿಸಿತು. ಈ ಸಲ ಒಂದು ವ್ಯತ್ಯಾಸವಿದೆ: ಯಾರೂ ನೋಡಿಕೊಳ್ಳದ ಹಳೆಯ ಆಟಗಳಿಗಾಗಿ ಅದರ ಒಂದು ಭಾಗವನ್ನು ಉಳಿಸಿಕೊಳ್ಳುವುದಾಗಿ ಕಂಪನಿಯೇ ಹೇಳಿದೆ. ಹಿಂದಿನ ಬದಲಾವಣೆಗಳಲ್ಲಿ ಇಂಥ ಮಾತನ್ನು ನಾನು ಕೇಳಿರಲಿಲ್ಲ. ಅದನ್ನು ಎಷ್ಟು ವರ್ಷ ನಡೆಸಿಕೊಡುತ್ತಾರೆ ಎಂಬುದರ ಮೇಲೆ ಆಟದ ಕಂಪನಿಗಳ ನಂಬಿಕೆ ನಿಂತಿದೆ. ಸಮ್ಮೇಳನದ ವೇದಿಕೆಗೆ ಹೆಸರಾಂತ ನಿರ್ಮಾಪಕರನ್ನು ಕರೆತರುವುದಕ್ಕಿಂತ ಈ ಸಣ್ಣ ಪ್ರಕಟಣೆಯೇ ನನಗೆ ಹೆಚ್ಚು ಭರವಸೆ ಕೊಟ್ಟಿತು.

ಬೆಂಗಳೂರಿನ ಓದುಗರಿಗೆ ಇದರಲ್ಲಿ ಒಂದು ವಿಚಿತ್ರವೂ ಕಾಣಬಹುದು. 1997ರಲ್ಲಿ ಆ ಊರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ದೇಶದ ಮೊದಮೊದಲ ಆಟ ನಿರ್ಮಾಣ ಸಂಸ್ಥೆಗಳಲ್ಲಿ ಒಂದು. 2019ರಲ್ಲಿ ಅದನ್ನು ಜಿಟಿಎ ಮತ್ತು ರೆಡ್ ಡೆಡ್ ರಿಡೆಂಪ್ಶನ್ ಖ್ಯಾತಿಯ ರಾಕ್‌ಸ್ಟಾರ್ ಗೇಮ್ಸ್ ಕೊಂಡು, ಬೆಂಗಳೂರಿನ ತನ್ನ ಶಾಖೆಯೊಂದಿಗೆ ಸೇರಿಸಿಕೊಂಡಿತು. 2025ರ ಸೆಪ್ಟೆಂಬರ್‌ನಲ್ಲಿ ಅದೇ ನಗರದ ಹೆಬ್ಬಾಳದಲ್ಲಿ ಆ್ಯಪಲ್ ತನ್ನ ಸ್ವಂತ ಮಳಿಗೆ ತೆರೆಯಿತು. ಆ ಮಳಿಗೆಯಲ್ಲಿ ಎಷ್ಟೇ ದುಬಾರಿಯ ಮ್ಯಾಕ್ ಕೊಂಡು ತಂದರೂ ಅದರ ಮೇಲೆ ಜಿಟಿಎ 5 ಆಗಲಿ ರೆಡ್ ಡೆಡ್ ರಿಡೆಂಪ್ಶನ್ 2 ಆಗಲಿ ನೇರವಾಗಿ ಆಡಲು ಬರುವುದಿಲ್ಲ.

ಮ್ಯಾಕ್ ಕೊಳ್ಳಬೇಡಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ನಾನು ಈ ಪತ್ರ ಬರೆಯುತ್ತಿರುವುದೇ ಮ್ಯಾಕ್‌ನಲ್ಲಿ. ಓದಿಗೆ, ಪ್ರೋಗ್ರಾಮಿಂಗ್‌ಗೆ, ವಿಡಿಯೊ ಸಂಕಲನಕ್ಕೆ ಅದು ಒಳ್ಳೆಯ ಯಂತ್ರ, ಬಾಳಿಕೆಯೂ ಚೆನ್ನಾಗಿದೆ. ಒಬ್ಬರೇ ಕುಳಿತು ನಿಧಾನವಾಗಿ ಆಡುವ ಕಥಾಪ್ರಧಾನ ಆಟಗಳನ್ನು ಇಷ್ಟಪಡುವವರಿಗೆ ಈಗ ಮ್ಯಾಕ್‌ನಲ್ಲಿ ವರ್ಷವಿಡೀ ಆಡುವಷ್ಟು ಸರಕಿದೆ. ಗೆಳೆಯರ ಬಳಗದಲ್ಲಿ ಪೈಪೋಟಿಗೆ ಆಡುವವರಿಗೆ ಬಹುತೇಕ ಏನೂ ಇಲ್ಲ. ಈ ಎರಡು ಬಗೆಯವರ ನಡುವಿನ ಅಂತರವನ್ನು ‘ಗೇಮಿಂಗ್‌ಗೂ ಸೈ’ ಎಂಬ ಸಾಲು ಅಳಿಸಿಹಾಕುತ್ತದೆ. ಅಕ್ಕನ ಮಗ ಈಗ ತನ್ನ ಕೋಣೆಯಲ್ಲಿ ಬಾಲ್ಡರ್ಸ್ ಗೇಟ್ ಆಡುತ್ತಾನೆ, ಭಾನುವಾರ ಕ್ರಿಕೆಟ್ ಆಡಲು ಗೆಳೆಯನ ಕೋಣೆಗೆ ಹೋಗುತ್ತಾನೆ. ಅವನೇನೋ ಹೊಂದಿಕೊಂಡ. ಅವನ ತಂದೆ ಮಾತ್ರ ಇನ್ನೂ ಆ ಅಂಗಡಿಯ ಮುಂದೆ ಹಾದುಹೋಗುವಾಗ ಮುಖ ತಿರುಗಿಸುತ್ತಾರೆ.

ಹೊಸ ಶೈಕ್ಷಣಿಕ ವರ್ಷಕ್ಕೆ ಮುಂಚೆ ನಿಮ್ಮ ಪತ್ರಿಕೆ ಲ್ಯಾಪ್‌ಟಾಪ್‌ಗಳ ತುಲನೆಯ ಕೋಷ್ಟಕವನ್ನು ಪ್ರಕಟಿಸುವುದುಂಟು. ಅದರಲ್ಲಿ ತೂಕ, ಬೆಲೆ, ಬ್ಯಾಟರಿಗಳ ಪಕ್ಕಕ್ಕೆ ಇನ್ನೊಂದು ಕಲಂ ಸೇರಿಸಬೇಕೆಂದು ಕೋರುತ್ತೇನೆ: ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಆಡುವ ಹತ್ತು ಆಟಗಳ ಹೆಸರು ಬರೆದು, ಆ ಯಂತ್ರದಲ್ಲಿ ಅವು ನೇರವಾಗಿ ನಡೆಯುತ್ತವೆಯೋ, ಅನುವಾದಕದ ಮೇಲೆ ನಡೆಯುತ್ತವೆಯೋ, ಇಲ್ಲವೇ ಇಲ್ಲವೋ ಎಂಬುದನ್ನಷ್ಟೇ ಹೇಳಿದರೆ ಸಾಕು. ಆ ಹತ್ತರಲ್ಲಿ ಒಂದು ಕ್ರಿಕೆಟ್ ಆಟವೂ ಇರಲಿ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಅಧ್ಯಾಪಕ, ಮೈಸೂರು